ಮೂತಿ ಚೂಪಾದ ಕಟ್ಟಡಗಳು: ನಿಮ್ಮ ಏರಿಯಾದಲ್ಲಿ ಇದೆಯಾ?

ಮೂರನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ಕೆಲಸ ಇಲ್ಲದವನ ಪ್ರಶ್ನೆ ಅಂದುಕೊಂಡರೂ ಪರವಾಗಿಲ್ಲ.

ದಿನಾ ಆಫೀಸಿಗೆ ಹೋಗುವಾಗ ಮಾಗಡಿ ರೋಡ್ ಕಡೆಯ ಒಂದು ಸಿಗ್ನಲ್ಲಿನಲ್ಲಿ ನಮ್ಮ ಬಸ್ಸು ಬೇರು ಬಿಟ್ಟ ಹಾಗೆ ನಿಲ್ಲುತ್ತದೆ. ಕಿಟಕಿಗೆ ನೇರ ಎದುರು ಒಂದು ಕಟ್ಟಡ. ಎರಡು ರಸ್ತೆಗಳು ಕತ್ತರಿ ಬಾಯಿಯ ಹಾಗೆ ಸೇರುವ ಜಾಗ ಅದು. ಆ ಬಾಯಿಗೆ ಯಾರೋ ಬರ್ಫಿ ತುಂಡು ಸಿಕ್ಕಿಸಿದ ಹಾಗೆ ಮೂರು ಅಂತಸ್ತು ಎದ್ದಿದೆ. ಹಿಂದೆ ಮಾಮೂಲಿ ಮನೆಯಷ್ಟು ಅಗಲ. ಮುಂದೆ ಬರುತ್ತಾ ಬರುತ್ತಾ ಕಿರಿದಾಗಿ ಮೂತಿಯ ಹತ್ತಿರ ಒಂದು ಬಾಗಿಲಿನಷ್ಟು ಉಳಿಯುತ್ತದೆ. ಕೆಳಗೆ ಕಾಂಡಿಮೆಂಟ್ಸ್, ಮೇಲೆ ಟೈಲರ್ ಅಂಗಡಿ, ಅದರ ಮೇಲೆ ಯಾರದೋ ಸಂಸಾರ. ಮೂತಿಯ ಬಾಲ್ಕನಿಯಲ್ಲಿ ಒಂದು ತುಳಸಿ ಕುಂಡ. ಇನ್ನೊಂದು ಇಡಲು ಜಾಗ ಇಲ್ಲ.

ಇಂಥ ಸೈಟು ಹುಟ್ಟುವುದಾದರೂ ಹೇಗೆ? ಲೇಔಟ್ ಮಾಡುವವರು ಬೇಕಂತಲೇ ಹೀಗೆ ಕತ್ತರಿಸುತ್ತಾರಾ? ಒಳಗೆ ಮಂಚ, ಬೀರು ಎಲ್ಲಿ ಇಡುತ್ತಾರೆ? ವಾಸ್ತು ನೋಡುವವರು ಇದನ್ನು ಕೊಳ್ಳುತ್ತಾರಾ? ನಿಮ್ಮ ಕಡೆ ಇಂಥದ್ದು ಇದ್ದರೆ ಹೇಳಿ. ಇಂಥ ಮನೆಯಲ್ಲಿ ಬಾಳಿದವರು ಇದ್ದರೆ ಇನ್ನೂ ಒಳ್ಳೆಯದು.

ಬೈ ಟು ಕಾಫಿ:
ನಮ್ಮ ಕಡೆ ಒಂದಿದೆ. ಏರಿಯಾದವರೆಲ್ಲ ಅದನ್ನು ಸಮೋಸಾ ಬಿಲ್ಡಿಂಗ್ ಅನ್ನುತ್ತೇವೆ. ಡೆಲಿವರಿ ಹುಡುಗರಿಗೆ "ಸಮೋಸಾ ಬಿಲ್ಡಿಂಗಿಂದ ಎಡಕ್ಕೆ" ಅಂದರೆ ಸಾಕು, ಮ್ಯಾಪೇ ಬೇಡ. ಮಾಲೀಕರಿಗೆ ಮಾತ್ರ ಆ ಹೆಸರು ಕಂಡರೆ ಆಗದು. ಗೋಡೆ ಮೇಲೆ ಅವರಮ್ಮನ ಹೆಸರಲ್ಲಿ "ನಿಲಯ" ಅಂತ ಗ್ರಾನೈಟ್ ಹಾಕಿಸಿದ್ದಾರೆ. ಅದನ್ನು ಓದಿದ್ದು ಪೋಸ್ಟ್‌ಮ್ಯಾನ್ ಒಬ್ಬರೇ.

ನ್ಯೂಜೆರ್ಸಿ ಕನ್ನಡಿಗ:
ಬೈ ಟು ಕಾಫಿ, ನಿಮ್ಮ ಸಮೋಸಾ ಮಾಲೀಕರಿಗೆ ಸಮಾಧಾನ ಹೇಳಿ. ಇದು ಅವರೊಬ್ಬರ ಪಾಡಲ್ಲ. ನ್ಯೂಯಾರ್ಕಿನಲ್ಲಿ ಫಿಫ್ತ್ ಅವೆನ್ಯೂ ಮತ್ತು ಬ್ರಾಡ್‌ವೇ ರಸ್ತೆಗಳು 23ನೇ ಸ್ಟ್ರೀಟ್ ಹತ್ತಿರ ಒಂದನ್ನೊಂದು ದಾಟುತ್ತವೆ. ಅಲ್ಲಿ ಉಳಿದ ತ್ರಿಕೋನದಲ್ಲಿ 1902ರಲ್ಲಿ ಒಂದು ಕಟ್ಟಡ ಎದ್ದಿತು. ಕಟ್ಟಿಸಿದವರು ಇಟ್ಟ ಹೆಸರು ಫುಲ್ಲರ್ ಬಿಲ್ಡಿಂಗ್. ಜನ ಕೇಳಲಿಲ್ಲ. ಆ ಜಾಗವನ್ನು ಮೊದಲಿಂದಲೂ ಇಸ್ತ್ರಿ ಪೆಟ್ಟಿಗೆ ಅನ್ನುತ್ತಿದ್ದರು, ಕಟ್ಟಡಕ್ಕೂ ಅದೇ ಅಂಟಿಕೊಂಡಿತು. ಅದೇ ಫ್ಲಾಟೈರನ್ ಬಿಲ್ಡಿಂಗ್. ಈಗ 22 ಅಂತಸ್ತು, 285 ಅಡಿ ಎತ್ತರ. ಮೂತಿಯ ಅಗಲ ಕೇಳಿದರೆ ನಗುತ್ತೀರಿ: ಸುಮಾರು ಆರೂವರೆ ಅಡಿ.

ಮೊದಲ ಸಲ ನೋಡಿದಾಗ ನನಗೆ ಅದು ಕಟ್ಟಡ ಅನ್ನಿಸಲೇ ಇಲ್ಲ. ಒಂದು ಕಡೆಯಿಂದ ನೋಡಿದರೆ ಬರೀ ಗೋಡೆಯೊಂದು ನಿಂತ ಹಾಗೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೆ ಹಡಗು ನಮ್ಮ ಮೇಲೇ ಬರುತ್ತಿರುವ ಹಾಗೆ. ಅಲ್ಲಿ ಗಾಳಿಯೂ ಜಾಸ್ತಿ. ಕಟ್ಟಡಕ್ಕೆ ಬಡಿದ ಗಾಳಿ ಕೆಳಗಿಳಿದು ಬೀದಿಯಲ್ಲಿ ಸುಳಿ ಎಬ್ಬಿಸುತ್ತದೆ. ಹೊಸದರಲ್ಲಿ ಗಾಳಿಗೆ ಹೆಂಗಸರ ಲಂಗ ಹಾರುವುದನ್ನು ನೋಡಲು ಗಂಡಸರು ಬಂದು ನಿಲ್ಲುತ್ತಿದ್ದರಂತೆ. ಪೋಲಿಗಳಿಗೆ ಯಾವ ದೇಶ, ಯಾವ ಕಾಲ ಅಂತ ಇಲ್ಲ.

ಇದೇ ಮೊದಲನೆಯದು ಅಂತ ಇಲ್ಲಿಯವರು ಜಂಬ ಕೊಚ್ಚಿಕೊಳ್ಳುತ್ತಾರೆ. ನಂಬಬೇಡಿ. ಕೆನಡಾದ ಟೊರಾಂಟೊದಲ್ಲಿ ಗುಡರ್‌ಹ್ಯಾಮ್ ಬಿಲ್ಡಿಂಗ್ ಅಂತ ಇದೆ. ಕೆಂಪು ಇಟ್ಟಿಗೆಯದ್ದು, ಐದು ಅಂತಸ್ತು. ಅದು 1892ರದ್ದು, ಹತ್ತು ವರ್ಷ ಹಿರಿಯ. ಅಳತೆಯಲ್ಲಿ ಅದು ನಮ್ಮ ಬೆಂಗಳೂರಿನ ಮೂಲೆ ಕಟ್ಟಡಗಳಿಗೆ ಹತ್ತಿರ. ನನಗೆ ಅದೇ ಇಷ್ಟ.

ಮೂರನೇ ಕ್ರಾಸ್:
ಸಾರ್, ಇಸ್ತ್ರಿ ಪೆಟ್ಟಿಗೆ ಅಂದಿರಿ, ಈಗ ನನಗೆ ಬೇರೆ ಥರ ಕಾಣುವುದೇ ಇಲ್ಲ. ಮೂತಿ, ಹಿಂದೆ ಅಗಲ, ಮೇಲೆ ಹಿಡಿಗೆ ಬದಲು ಸಿಂಟೆಕ್ಸ್ ಟ್ಯಾಂಕ್!

ಆದರೆ ಮೊದಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಜಾಗ ತ್ರಿಕೋನ ಆಗುವುದು ಯಾಕೆ?

ಹಳೇ ನಕ್ಷೆ:
ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ. ಬೇಜಾರಾದರೆ ಮುಂದಕ್ಕೆ ಹೋಗಿ.

ತ್ರಿಕೋನದ ಸೈಟನ್ನು ಯಾರೂ ಬೇಕಂತ ಮಾಡುವುದಿಲ್ಲ. ಹಳೇ ದಾರಿಗೆ ಹೊಸ ಚೌಕ ಬಂದು ಡಿಕ್ಕಿ ಹೊಡೆದಾಗ ಅದು ತಾನಾಗಿ ಉಳಿಯುತ್ತದೆ. ನ್ಯೂಯಾರ್ಕನ್ನೇ ತೆಗೆದುಕೊಳ್ಳಿ. 1811ರಲ್ಲಿ ಊರಿಡೀ ಗೆರೆ ಎಳೆದು ಚೌಕ ಚೌಕ ಮಾಡಲು ಹೊರಟರು. ಆದರೆ ಬ್ರಾಡ್‌ವೇ ಅದಕ್ಕೂ ಎಷ್ಟೋ ಹಿಂದಿನಿಂದ ಅಲ್ಲಿನ ಮೂಲನಿವಾಸಿಗಳು ನಡೆದು ಸವೆಸಿದ ದಾರಿ. ಅದು ಓರೆಯಾಗಿ ಹಾದು ಹೋಗುತ್ತಿತ್ತು, ಹಾಗೇ ಉಳಿಯಿತು. ಅದು ಒಂದೊಂದು ಅವೆನ್ಯೂ ದಾಟಿದ ಕಡೆಯೂ ಒಂದು ತ್ರಿಕೋನ.

ಈಗ ಬೆಂಗಳೂರಿಗೆ ಬನ್ನಿ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟಿದಾಗ ದೊಡ್ಡಪೇಟೆ, ಚಿಕ್ಕಪೇಟೆ ಬೀದಿಗಳು ಸೇರುವ ಕಡೆಯಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದರು ಅಂತ ಕತೆ ಇದೆ. ಪೇಟೆಯಿಂದ ಹೊರಟ ದಾರಿಗಳು ಊರೂರಿಗೆ ಹೋದವು. ಮಾಗಡಿ ರಸ್ತೆ, ಮೈಸೂರು ರಸ್ತೆ, ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆ, ಹೊಸೂರು ರಸ್ತೆ, ಹಳೇ ಮದ್ರಾಸ್ ರಸ್ತೆ, ಬಳ್ಳಾರಿ ರಸ್ತೆ. ಗಾಡಿಚಕ್ರದ ಕೀಲಿಂದ ಕಡ್ಡಿಗಳು ಹೊರಟ ಹಾಗೆ. ಎತ್ತಿನ ಗಾಡಿಗೆ ತೊಂಬತ್ತು ಡಿಗ್ರಿ ಕಟ್ಟಿಕೊಂಡು ಏನಾಗಬೇಕು? ದಿಣ್ಣೆ ಬಂದರೆ ಬಳಸಿ, ಕೆರೆ ಬಂದರೆ ಏರಿ ಮೇಲೆ ಹತ್ತಿ, ಊರು ತಲುಪಿದರೆ ಆಯಿತು.

ಆಮೇಲೆ ಬಂದವು ಚೌಕದ ಬಡಾವಣೆಗಳು. 1892ರಲ್ಲಿ ಚಾಮರಾಜಪೇಟೆ. 1898ರ ಪ್ಲೇಗಿನ ಹೊತ್ತಿಗೆ ಬಸವನಗುಡಿ, ಮಲ್ಲೇಶ್ವರ. ಸ್ವಾತಂತ್ರ್ಯದ ಹೊತ್ತಿಗೆ ಜಯನಗರ, ರಾಜಾಜಿನಗರ. ಇವೆಲ್ಲ ಮೇನು, ಕ್ರಾಸು ಅಂತ ಸ್ಕೇಲು ಹಿಡಿದು ಗೆರೆ ಎಳೆದವು. ಗೆರೆ ಎಳೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ಹಳೇ ಗಾಡಿ ದಾರಿ ಅಡ್ಡ ಸಿಗಲೇಬೇಕು. ಅದು ನೇರ ಅಲ್ಲ, ಇದು ನೇರ. ಸೇರುವ ಕಡೆ ಮೂತಿ ಚೂಪು.

ಮೂರನೇ ಕ್ರಾಸ್ ಅವರ ಮಾಗಡಿ ರೋಡನ್ನೇ ನೋಡಿ. 1638ರಲ್ಲಿ ಬಿಜಾಪುರದವರು ಬೆಂಗಳೂರು ಹಿಡಿದ ಮೇಲೆ ಕೆಂಪೇಗೌಡರ ಮನೆತನ ಮಾಗಡಿಗೆ ಹೋಗಿ ನೆಲೆ ನಿಂತಿತು. ಅಷ್ಟು ಹಳೇ ನಂಟಿನ ದಿಕ್ಕು ಅದು. ರಾಜಾಜಿನಗರದ ಕ್ರಾಸುಗಳಿಗೆ ಇನ್ನೂ ನೂರು ವರ್ಷ ಆಗಿಲ್ಲ.

ಇನ್ನೂ ಎರಡು ಕಾರಣ ಇವೆ. ಒಂದು ನೀರು. ಕೆರೆ ಏರಿ, ರಾಜಕಾಲುವೆ ಇವು ಇಳಿಜಾರು ಹೇಳಿದ ಹಾಗೆ ಸಾಗುತ್ತವೆ, ಸರ್ವೇಯರ್ ಹೇಳಿದ ಹಾಗಲ್ಲ. ಧರ್ಮಾಂಬುಧಿ ಕೆರೆ ಹೋಗಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಬಂತು, ಪಕ್ಕದಲ್ಲಿ ಟ್ಯಾಂಕ್ ಬಂಡ್ ರೋಡ್ ಅನ್ನುವ ಹೆಸರು ಮಾತ್ರ ಹಾಗೇ ಇದೆ. ಇನ್ನೊಂದು ರೈಲು. ರೈಲಿಗೆ ಗಕ್ಕನೆ ತಿರುಗಲು ಬರುವುದಿಲ್ಲ, ಅದು ನಿಧಾನಕ್ಕೆ ಬಾಗುತ್ತಾ ಬಡಾವಣೆಗಳನ್ನು ಸೀಳಿಕೊಂಡು ಹೋಗುತ್ತದೆ. ಹಳಿ ಪಕ್ಕದ ಸೈಟುಗಳು ಅದಕ್ಕೇ ಸೊಟ್ಟ.

ಅಂದ ಹಾಗೆ, ಬೇಕಂತಲೇ ಓರೆಯಾಗಿ ಎಳೆದ ರಸ್ತೆಯೂ ಇದೆ. ವಿವಿ ಪುರಂನಲ್ಲಿ. ಅದಕ್ಕೆ ಡಯಾಗನಲ್ ರೋಡ್ ಅಂತಲೇ ಹೆಸರು. ಇಷ್ಟು ಪ್ರಾಮಾಣಿಕ ಹೆಸರಿನ ರಸ್ತೆ ಊರಲ್ಲಿ ಇನ್ನೊಂದಿಲ್ಲ.

ಕೆಎ 02:
ನಕ್ಷೆ ಸಾರ್, ಚೆನ್ನಾಗಿ ಬರೆದಿರಿ. ಆದರೆ ನನಗೆ ಇಂಥ ಕಟ್ಟಡ ಕಂಡರೆ ಪ್ರೀತಿ ಬರುವುದಿಲ್ಲ, ಬ್ರೇಕ್ ಹಿಡಿಯಲು ಕೈ ಹೋಗುತ್ತದೆ. ಮೂತಿಯವರೆಗೂ ಗೋಡೆ ಎಬ್ಬಿಸಿದರೆ ಆ ಕಡೆ ರಸ್ತೆಯಿಂದ ಬರುವ ಗಾಡಿ ಕಾಣುವುದೇ ಇಲ್ಲ. ಮಾಮೂಲಿ ಕ್ರಾಸಲ್ಲಿ ಕತ್ತು ಪಕ್ಕಕ್ಕೆ ತಿರುಗಿಸಿದರೆ ಸಾಕು. ಇಲ್ಲಿ ಬರುವವನು ಹೆಚ್ಚುಕಡಿಮೆ ನನ್ನ ಬೆನ್ನ ಹಿಂದಿಂದ ಬರುತ್ತಾನೆ. ಹೆಲ್ಮೆಟ್ ಹಾಕಿಕೊಂಡು ಎಷ್ಟು ಅಂತ ತಿರುಗುವುದು? ಹೋದ ಮಳೆಗಾಲದಲ್ಲಿ ಇಂಥ ಮೂಲೆಯಲ್ಲಿ ಒಂದು ಆಟೋ ನನ್ನ ಸ್ಕೂಟರಿನ ಮಡ್‌ಗಾರ್ಡ್ ಕಿತ್ತುಕೊಂಡು ಹೋಯಿತು. ಆಟೋದವರು ಇಳಿದು "ನೀವು ಕಾಣಲೇ ಇಲ್ಲ ಸಾರ್" ಅಂದರು. ನಿಜಾನೇ. ನನಗೂ ಅವರು ಕಂಡಿರಲಿಲ್ಲ.

ಮೂಲೆ ಕತ್ತರಿಸಿ ಕಟ್ಟಬೇಕು. ಕೆಳಗಿನ ಅಂತಸ್ತಾದರೂ ಖಾಲಿ ಬಿಡಬೇಕು.

ಶ್ರೀರಾಂಪುರದ ಮೊಮ್ಮಗಳು:
ನಾನು ಬಾಳಿದ್ದೇನೆ. ಅಜ್ಜನ ಮನೆ. ಹೈಸ್ಕೂಲ್ ಮುಗಿಯುವ ತನಕ ಅಲ್ಲೇ ಬೆಳೆದೆ.

ಹಿಂದೆ 30 ಅಡಿ, ಮುಂದೆ 6 ಅಡಿ, ಉದ್ದ 50 ಅಡಿ. ಈ ಮೂರು ಸಂಖ್ಯೆ ನನಗೆ ಮಗ್ಗಿಯ ಹಾಗೆ ಬಾಯಿಪಾಠ. ಮನೆಗೆ ಯಾರು ಬಂದರೂ ಅಜ್ಜ ಮೊದಲು ಇದನ್ನೇ ಹೇಳುತ್ತಿದ್ದರು, ಏನೋ ಸಾಧನೆ ಅನ್ನುವ ಹಾಗೆ.

ಮೂತಿಯ 6 ಅಡಿಯಲ್ಲಿ ಒಂದು ಜಗಲಿ ಇತ್ತು. ಅಲ್ಲಿ ಅಜ್ಜನ ಈಸಿ ಚೇರ್. ಎಡಗಡೆ ಒಂದು ಬೀದಿ, ಬಲಗಡೆ ಒಂದು ಬೀದಿ. ಯಾರು ಯಾವ ಹೊತ್ತಿಗೆ ಹೋದರು, ಯಾರ ಮನೆಗೆ ಗ್ಯಾಸ್ ಬಂತು, ಯಾರ ಮಗ ಸಿಗರೇಟು ಸೇದಲು ಯಾವ ಸಂದಿಗೆ ಹೋದ, ಎಲ್ಲ ಅಜ್ಜನ ಲೆಕ್ಕದಲ್ಲಿ ಇರುತ್ತಿತ್ತು. ಬೀದಿ ಹುಡುಗರು ಅಜ್ಜನನ್ನು ವಾಚ್ ಟವರ್ ಅನ್ನುತ್ತಿದ್ದರು.

ಒಳಗಿನ ಕಷ್ಟ ಬೇರೆ. ಎರಡು ಗೋಡೆ ಓರೆ. ಅಮ್ಮನ ಗೋದ್ರೇಜ್ ಬೀರು ಓರೆ ಗೋಡೆಗೆ ಒರಗಿಸಿದರೆ ರೂಮಿಗೆ ಸೊಟ್ಟ. ರೂಮಿಗೆ ಸರಿಯಾಗಿ ಇಟ್ಟರೆ ಹಿಂದೆ ಒಂದು ಸಣ್ಣ ತ್ರಿಕೋನ ಸಂದಿ. ಅಮ್ಮ ಎರಡನೆಯದನ್ನೇ ಆರಿಸಿದರು. ಆ ಸಂದಿಯೊಳಗೆ ಬಿದ್ದದ್ದು ಬಿದ್ದ ಹಾಗೇ. ಕೈ ಹೋಗುವುದಿಲ್ಲ, ಪೊರಕೆ ಹೋಗುವುದಿಲ್ಲ. ಮನೆ ಖಾಲಿ ಮಾಡುವ ದಿನ ನಾಲ್ಕು ಜನ ಸೇರಿ ಬೀರು ಸರಿಸಿದರು. ಹಿಂದೆ ಏನಿತ್ತು ಗೊತ್ತಾ? ಎರಡು ಬಾಚಣಿಗೆ, ಚೌಕಾಬಾರದ ಕವಡೆ, ಹತ್ತು ಪೈಸೆ ನಾಣ್ಯಗಳು, ನನ್ನ ಚಿಕ್ಕಪ್ಪನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್. ಆ ಹಾಲ್ ಟಿಕೆಟಿಗಾಗಿ ಮನೆಯಲ್ಲಿ ಎಷ್ಟು ರಾಮಾಯಣ ಆಗಿತ್ತು ಅಂದರೆ, ಅದನ್ನು ನೋಡಿ ಚಿಕ್ಕಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಆ ಮನೆ ಈಗಿಲ್ಲ. ಕೆಡವಿ ನಾಲ್ಕು ಅಂತಸ್ತು ಕಟ್ಟಿದ್ದಾರೆ. ಜಗಲಿ ಇದ್ದ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ.

ಪಂಚಾಂಗ:
ವಾಸ್ತುವಿನ ಪ್ರಶ್ನೆಗೆ ನಾನು ಹೇಳುತ್ತೇನೆ. ನಂಬುವವರು ನಂಬಿ, ಬಿಡುವವರು ಬಿಡಿ. ಮುಂದೆ ಕಿರಿದು, ಹಿಂದೆ ಅಗಲ ಇದ್ದರೆ ಗೋಮುಖ. ವಾಸಕ್ಕೆ ಒಳ್ಳೆಯದು. ಮುಂದೆ ಅಗಲ, ಹಿಂದೆ ಕಿರಿದಾದರೆ ವ್ಯಾಘ್ರಮುಖ. ಅದು ಅಂಗಡಿಗೆ, ವ್ಯಾಪಾರಕ್ಕೆ. ಪೂರ್ತಿ ಮೂರು ಮೂಲೆಯ ಜಾಗ ಮಾತ್ರ ವಾಸಕ್ಕೆ ಬೇಡ ಅನ್ನುತ್ತಾರೆ. ಕೊಂಡೇ ಬಿಟ್ಟಿದ್ದರೆ ಒಳಗೆ ಚೌಕಕ್ಕೆ ಗೋಡೆ ಹಾಕಿ, ಚೂಪು ಭಾಗವನ್ನು ಹೊರಗೆ ಗಿಡಕ್ಕೆ ಬಿಡುತ್ತಾರೆ.

ಬೈ ಟು ಕಾಫಿ:
ಪಂಚಾಂಗ ಸಾರ್, ಒಂದು ಅನುಮಾನ. ಎರಡೂ ಕಡೆ ರಸ್ತೆ ಇರುವ ಸೈಟಿಗೆ ಮುಂದೆ ಯಾವುದು, ಹಿಂದೆ ಯಾವುದು? ಮೂತಿಯಲ್ಲಿ ಗೇಟು ಇಟ್ಟರೆ ಹಸು, ಅಗಲದ ಕಡೆ ಇಟ್ಟರೆ ಹುಲಿ. ಒಂದೇ ಸೈಟು. ಗೇಟು ಮಾಡುವ ವೆಲ್ಡಿಂಗ್‌ನವರ ಕೈಯಲ್ಲೇ ಇದೆ ಅಲ್ವಾ ನಮ್ಮ ಹಣೆಬರಹ?

ಪಂಚಾಂಗ:
ತಮಾಷೆ ಮಾಡಿ. ಆದರೆ ನೀವು ಹೇಳಿದ್ದನ್ನೇ ಜನ ಮಾಡುತ್ತಾರೆ. ಸಮೋಸಾ ಬಿಲ್ಡಿಂಗಿನ ಗೇಟು ಎಲ್ಲಿದೆ ನೋಡಿ ಬನ್ನಿ.

ಬೈ ಟು ಕಾಫಿ:
ನೋಡಿ ಬಂದೆ. ಮನೆಯ ಗೇಟು ಮೂತಿಯಲ್ಲಿ. ಅಂಗಡಿ ಶಟರುಗಳು ಅಗಲದ ಕಡೆ. ಸೋತೆ ಸಾರ್.

ತೂಗುಗುಂಡು:
ಸಿವಿಲ್ ಕೆಲಸದಲ್ಲಿ ಇಪ್ಪತ್ತು ವರ್ಷ ಆಯಿತು. ಇಂಥ ಎರಡು ಕಟ್ಟಿಸಿದ್ದೇನೆ, ಮೂರನೆಯದು ಬೇಡ ಅಂದಿದ್ದೇನೆ. ಕಾರಣ ಹೇಳುತ್ತೇನೆ.

ಮೊಮ್ಮಗಳು ಮೇಡಂ ಕೊಟ್ಟ ಅಳತೆಯನ್ನೇ ಹಿಡಿಯೋಣ. 30ಕ್ಕೆ 6 ಕೂಡಿಸಿ ಅರ್ಧ ಮಾಡಿದರೆ 18. ಉದ್ದ 50. ಅಲ್ಲಿಗೆ 900 ಚದರ ಅಡಿ. 30-40 ಸೈಟಿನ ಮುಕ್ಕಾಲು ಭಾಗ. ಕಾಗದದ ಮೇಲೆ ಚೆನ್ನಾಗೇ ಇದೆ. ಈಗ ನಾಲ್ಕೂ ಕಡೆ 3 ಅಡಿ ಬಿಟ್ಟು ಕಟ್ಟಿ ನೋಡಿ. ಮೂತಿಯ 6 ಅಡಿಯಲ್ಲಿ ಎರಡು ಕಡೆ ಮೂರು ಮೂರು ಹೋದರೆ ಸೊನ್ನೆ. ಹತ್ತು ಅಡಿ ಒಳಗೆ ಬಂದರೂ ಸಿಗುವ ಅಗಲ ಐದು ಅಡಿಗಿಂತ ಕಡಿಮೆ. ಒಟ್ಟು ಕಟ್ಟಲು ಸಿಗುವುದು ಸುಮಾರು 530 ಚದರ ಅಡಿ. ಅದಕ್ಕೇ ಬಹಳ ಜನ ಏನೂ ಬಿಡದೆ ಅಂಚಿಗೇ ಕಟ್ಟುತ್ತಾರೆ. ಅದಕ್ಕೇ ಕೆಎ 02 ಅವರ ಮಡ್‌ಗಾರ್ಡ್ ಹೋಗುತ್ತದೆ.

ಇನ್ನು ಗೋಡೆ. ಹಳೇ ಕಾಲದ ಕಲ್ಲು, ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ ಇರುತ್ತಿತ್ತು. 6 ಅಡಿಯಲ್ಲಿ ಎರಡು ಗೋಡೆಗೇ 3 ಅಡಿ ಹೋದರೆ ಉಳಿದ ಮೂರಡಿಯಲ್ಲಿ ಏನು ಮಾಡುತ್ತೀರಿ? ಅಜ್ಜ ಜಗಲಿ ಮಾಡಿ ಬಿಟ್ಟಿದ್ದು ಜಾಣತನ. ಈಗ ಕಾಲಂ, ಬೀಮ್ ಭಾರ ಹೊರುತ್ತವೆ. ಗೋಡೆ ಬರೀ ಪರದೆ, ಆರು ಇಂಚಿನ ಬ್ಲಾಕ್ ಸಾಕು. ಒಳಗೆ ಐದಡಿ ಸಿಗುತ್ತದೆ.

ನ್ಯೂಯಾರ್ಕಿನದ್ದಕ್ಕೂ ಇದೇ ಗುಟ್ಟು. ಶಿಕಾಗೋದಲ್ಲಿ ಮೊನಾಡ್‌ನಾಕ್ ಅಂತ 16 ಅಂತಸ್ತಿನ ಕಟ್ಟಡ ಇದೆ. ಅದರ ಹಳೇ ಅರ್ಧ 1891ರದ್ದು. ಇಟ್ಟಿಗೆ ಗೋಡೆಯೇ ಭಾರ ಹೊರಬೇಕಾದ್ದರಿಂದ ಬುಡದಲ್ಲಿ ಗೋಡೆ 6 ಅಡಿ ದಪ್ಪ. ಅದರ ವಿನ್ಯಾಸ ಡೇನಿಯಲ್ ಬರ್ನ್‌ಹ್ಯಾಮ್ ಮತ್ತು ಜಾನ್ ರೂಟ್ ಅವರ ಕಂಪನಿಯದ್ದು. ಹತ್ತು ವರ್ಷ ಕಳೆದ ಮೇಲೆ ಫ್ಲಾಟೈರನ್ ಮಾಡಿದವರೂ ಇದೇ ಬರ್ನ್‌ಹ್ಯಾಮ್. ಅಲ್ಲೂ ಅಂಥ ಗೋಡೆ ಹಾಕಿದ್ದರೆ ಆರೂವರೆ ಅಡಿ ಮೂತಿಯಲ್ಲಿ ಗೋಡೆ ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ. ಉಕ್ಕಿನ ಚೌಕಟ್ಟು ಬಂದದ್ದಕ್ಕೇ ಆ ಮೂತಿಯಲ್ಲಿ ಮೇಜು ಹಾಕಿಕೊಂಡು ಕೂರಲು ಆಯಿತು.

ಈಗ ನಮ್ಮ ಸೈಟಿನ ಗೋಳು. ಮೊದಲ ದಿನ ಮೇಸ್ತ್ರಿ ದಾರ ಕಟ್ಟಲು ಬಂದವರು ಮೂಲೆಮಟ್ಟ ತೆಗೆದು ಚೀಲಕ್ಕೆ ಹಾಕಿಕೊಂಡರು. "ಇದು ಇಲ್ಲಿ ಯಾವ್ ಕೆಲ್ಸಕ್ಕೂ ಬರಲ್ಲ ಸಾರ್." ಮೂರು, ನಾಲ್ಕು, ಐದು ಅಡಿ ಹಿಡಿದು ಮೂಲೆ ನೋಡುವುದು ಅವರಿಗೆ ನಿದ್ದೆಯಲ್ಲೂ ಬರುತ್ತದೆ. ಆ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಕಡೆಗೆ ಅವರೇ ದಾರಿ ಹುಡುಕಿದರು. ಸೈಟಿನ ನಟ್ಟನಡುವೆ ಮೂತಿಯಿಂದ ಹಿಂದಿನ ತನಕ ಒಂದು ದಾರ ಎಳೆದರು. ಪ್ರತಿ ಐದಡಿಗೆ ಆ ದಾರದಿಂದ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಅಂತ ಸಿಗರೇಟು ಪ್ಯಾಕಿನ ಮೇಲೆ ಬರೆದುಕೊಂಡರು. ಕಟ್ಟಡ ಮುಗಿಯುವ ತನಕ ಆ ಪ್ಯಾಕು ಅವರ ಜೇಬಿನಲ್ಲೇ ಇತ್ತು. ನನ್ನ ಪ್ರಿಂಟ್‌ಔಟ್ ಯಾರೂ ನೋಡಲಿಲ್ಲ.

ಬಾರ್ ಬೆಂಡಿಂಗ್‌ನವರ ಬೈಗುಳ ಬೇರೆ. ಮಾಮೂಲಿ ಸ್ಲ್ಯಾಬಿಗೆ ಒಂದೇ ಉದ್ದದ ಕಂಬಿ ಕತ್ತರಿಸಿ ರಾಶಿ ಹಾಕಿದರೆ ಆಯಿತು. ಇಲ್ಲಿ ಒಂದೊಂದು ಕಂಬಿಯೂ ಹಿಂದಿನದಕ್ಕಿಂತ ಗಿಡ್ಡ. ಮೂತಿಯ ಕಾಲಂ ಹತ್ತಿರ ಎರಡು ಬೀಮು ಚೂಪಾಗಿ ಸೇರುವ ಕಡೆ ಕಂಬಿಗಳು ಎಷ್ಟು ಒತ್ತಾಗುತ್ತವೆ ಅಂದರೆ ಜಲ್ಲಿ ಕೆಳಗಿಳಿಯುವುದಿಲ್ಲ. ಸಣ್ಣ ಜಲ್ಲಿ ತರಿಸಿ, ವೈಬ್ರೇಟರ್ ಹಿಡಿದು ಪಕ್ಕದಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಸೆಂಟ್ರಿಂಗ್ ಬಿಚ್ಚಿದ ದಿನ ಜೇನುಗೂಡಿನ ಹಾಗೆ ತೂತು ಕಾಣುತ್ತದೆ.

ಇನ್ನೊಂದು ಮಾತು ಯಾರೂ ಕೇಳುವುದಿಲ್ಲ, ಆದರೆ ಮುಖ್ಯ. ಮೆಟ್ಟಿಲು, ಲಿಫ್ಟು ಎಲ್ಲ ಅಗಲದ ಕಡೆ ಹೋಗುತ್ತದೆ. ಅಲ್ಲಿ ಕಟ್ಟಡ ಗಟ್ಟಿ, ಮೂತಿಯ ಕಡೆ ಸಡಿಲ. ನೆಲ ಅಲುಗಿದರೆ ಇಡೀ ಕಟ್ಟಡ ಸುಮ್ನೆ ಆಚೆ ಈಚೆ ಆಡುವುದಿಲ್ಲ, ತಿರುಚಿಕೊಳ್ಳುತ್ತದೆ. ಮೂತಿಗೆ ಪೆಟ್ಟು ಜಾಸ್ತಿ. ಡಿಸೈನ್ ಮಾಡಿಸದೆ ಮೇಸ್ತ್ರಿ ಲೆಕ್ಕದಲ್ಲೇ ನಾಲ್ಕು ಅಂತಸ್ತು ಏರಿಸುವವರು ಇದನ್ನು ಓದಲಿ.

ಟೈಲ್ಸ್ ಬಗ್ಗೆ ಮಾತಾಡುವುದೇ ಬೇಡ. ಒಂದು ಗೋಡೆಗೆ ಸರಿಯಾಗಿ ಹಾಕಿದರೆ ಇನ್ನೊಂದು ಗೋಡೆಯುದ್ದಕ್ಕೂ ಕತ್ತರಿಸಬೇಕು. ಉಳಿದ ಚೂರು ಒಂದು ಗೋಣಿಚೀಲ.

ಶ್ರೀರಾಂಪುರದ ಮೊಮ್ಮಗಳು:
ನಮ್ಮನೆಯಲ್ಲಿ ರೆಡ್ ಆಕ್ಸೈಡ್ ನೆಲ ಇತ್ತು. ಗೋಡೆ ಎಷ್ಟು ಸೊಟ್ಟ ಇದ್ದರೂ ನೆಲಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಈಗ ಅರ್ಥ ಆಯಿತು.

ಗುಮಾಸ್ತ:
ಕಾಗದಪತ್ರದ ಕಡೆಯಿಂದ ಎರಡು ಮಾತು. ಕ್ರಯಪತ್ರದಲ್ಲಿ ಚಕ್ಕುಬಂದಿ ಅಂತ ಬರೆಯುತ್ತಾರಲ್ಲ, ಅದಕ್ಕೆ ನಾಲ್ಕು ದಿಕ್ಕು ಬೇಕೇ ಬೇಕು. ಜಾಗಕ್ಕೆ ಮೂರೇ ಬದಿ ಇದ್ದರೂ ಬಿಡುವುದಿಲ್ಲ. ನಾನು ಕಂಡ ಒಂದು ಹಳೇ ಪತ್ರದಲ್ಲಿ ಹೀಗಿತ್ತು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ರಸ್ತೆ, ದಕ್ಷಿಣಕ್ಕೆ ಇಂಥವರ ಮನೆ, ಉತ್ತರಕ್ಕೆ "ಸದರಿ ಎರಡು ರಸ್ತೆಗಳು ಕೂಡುವ ಸ್ಥಳ". ಬರೆದವರಿಗೆ ಕೈ ಮುಗಿಯಬೇಕು.

ಅಳತೆಯನ್ನು ಪೂರ್ವ-ಪಶ್ಚಿಮ (30+6)/2 ಅಂತಲೇ ಬರೆಯುತ್ತಾರೆ. ಸೊಟ್ಟ ಸೈಟಿಗೆಲ್ಲ ಇದೇ ವಾಡಿಕೆ. ನನ್ನ ಸ್ವಂತ ತಮ್ಮ ಇಂಥ ಸೈಟಿಗೆ ಸಾಲಕ್ಕೆ ಹೋದಾಗ ಒಂದು ಬ್ಯಾಂಕಿನಲ್ಲಿ ಫಾರಂನಲ್ಲಿ ಉದ್ದ, ಅಗಲ ಅಂತ ಎರಡೇ ಖಾನೆ. (30+6)/2 ನೋಡಿ ಅಲ್ಲಿದ್ದ ಹುಡುಗ ಅಗಲ 36 ಅಂತ ತುಂಬಿದ. 900 ಅಡಿಯ ಸೈಟು ಒಂದೇ ಏಟಿಗೆ 1800 ಆಯಿತು. ತಮ್ಮನಿಗೆ ಖುಷಿ. ಆಮೇಲೆ ಬೆಲೆ ಕಟ್ಟಲು ಬಂದ ಎಂಜಿನಿಯರ್ ಟೇಪು ಹಿಡಿದು ನಿಂತರು. ಫೈಲು ವಾಪಸ್. ಎರಡು ತಿಂಗಳು ಓಡಾಡಿದ. ಯಾರೂ ಮೋಸ ಮಾಡಿರಲಿಲ್ಲ, ಮಧ್ಯದ ಗೀಟು ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ.

ಮೂಲೆ ಸೈಟಿಗೆ ಬೆಲೆ ಜಾಸ್ತಿ ಅನ್ನುವುದು ನಿಜ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಮೂಲೆ ನಿವೇಶನಗಳನ್ನು ಹರಾಜಿಗೇ ಇಡುತ್ತದೆ. ಆದರೆ ಚೂಪಾದರೆ ಲೆಕ್ಕ ಉಲ್ಟಾ. ಅಂಗಡಿಗೆ ಕೊಳ್ಳುವವರು ಮುಗಿಬೀಳುತ್ತಾರೆ, ಮನೆಗೆ ಕೊಳ್ಳುವವರು ಒಂದು ಸಲ ನೋಡಿ "ಫೋನ್ ಮಾಡ್ತೀವಿ" ಅಂದು ಹೋಗುತ್ತಾರೆ.

ನ್ಯೂಜೆರ್ಸಿ ಕನ್ನಡಿಗ:
ಗುಮಾಸ್ತರೇ, ಹರಾಜು ಅಂದಿರಿ. 2023ರಲ್ಲಿ ಫ್ಲಾಟೈರನ್ನೂ ಹರಾಜಿಗೆ ಬಂತು. 19 ಕೋಟಿ ಡಾಲರಿಗೆ ಕೂಗಿ ಗೆದ್ದವರು ಅಡ್ವಾನ್ಸ್ ಕಟ್ಟಲೇ ಇಲ್ಲ! ಎರಡನೇ ಸಲ ಹರಾಜು ಮಾಡಬೇಕಾಯಿತು. ಟೋಕನ್ ಕೊಡದೆ ಮಾಯವಾಗುವವರು ಯಶವಂತಪುರದಲ್ಲಿ ಮಾತ್ರ ಇಲ್ಲ.

ಮೂತಿಯ ಅಂಗಡಿ ವಿಷಯವೂ ಹೇಳಬೇಕು. ಫ್ಲಾಟೈರನ್ ಮೂತಿಯ ಬುಡಕ್ಕೆ ಗಾಜಿನ ಒಂದು ಸಣ್ಣ ಅಂಗಡಿ ಅಂಟಿಸಿದ್ದಾರೆ. ಬರ್ನ್‌ಹ್ಯಾಮ್ ಅವರಿಗೆ ಅದು ಇಷ್ಟ ಇರಲಿಲ್ಲ. ಮಾಲೀಕರು ಒಂದಿಂಚು ಜಾಗದ ಬಾಡಿಗೆಯನ್ನೂ ಬಿಡಲು ತಯಾರಿರಲಿಲ್ಲ. ರೈಲು ಎಂಜಿನ್ ಮುಂದೆ ದನಗಳನ್ನು ಪಕ್ಕಕ್ಕೆ ತಳ್ಳಲು ಕಬ್ಬಿಣದ ಮೂತಿ ಇರುತ್ತಿತ್ತಲ್ಲ, ಅದರ ಹೆಸರಿಟ್ಟು ಜನ ಆ ಅಂಗಡಿಯನ್ನು ಆಡಿಕೊಂಡರು. ಮೊಮ್ಮಗಳು ಅವರ ರೀಚಾರ್ಜ್ ಅಂಗಡಿಯ ಮುತ್ತಜ್ಜ ಅನ್ನಿ.

ಹಳೇ ನಕ್ಷೆ:
ಇಲ್ಲೊಂದು ವ್ಯತ್ಯಾಸ ಇದೆ. ನಮ್ಮೂರಲ್ಲಿ ತ್ರಿಕೋನದ ಮೂತಿಯನ್ನು ಕಟ್ಟಡಕ್ಕೆ ಬಿಟ್ಟುಕೊಟ್ಟಿದ್ದೇ ಕಡಿಮೆ. ಒಂದು ಭಾನುವಾರ ಸುಮ್ನೆ ಸೈಕಲ್ ಹತ್ತಿ ಹೋಗಿ ನೋಡಿ. ಚೂಪು ಮೂಲೆಯಲ್ಲಿ ಒಂದು ಅಶ್ವತ್ಥ ಕಟ್ಟೆ, ನಾಗರ ಕಲ್ಲು. ಇಲ್ಲದಿದ್ದರೆ ಗಣಪತಿ ಗುಡಿ. ಇಲ್ಲದಿದ್ದರೆ ಹಳದಿ ಕೆಂಪು ಬಾವುಟದ ಕಟ್ಟೆ, ಪಕ್ಕದಲ್ಲಿ ರಾಜ್‌ಕುಮಾರ್ ಪ್ರತಿಮೆ. ನಂದಿನಿ ಬೂತ್, ಹಾಪ್‌ಕಾಮ್ಸ್, ಟ್ರಾನ್ಸ್‌ಫಾರ್ಮರ್. ಬ್ರಿಗೇಡ್ ರೋಡ್, ರೆಸಿಡೆನ್ಸಿ ರೋಡ್ ಸೇರುವ ಕಡೆ ಯುದ್ಧ ಸ್ಮಾರಕ. ಏನೂ ಇಲ್ಲದಿದ್ದರೆ ಕಸ.

ಯಾರ ಖಾತೆಗೂ ಸೇರದ ತುಂಡು ಜಾಗಕ್ಕೆ ದೇವರು ಬೇಗ ಬರುತ್ತಾನೆ. ಕಸ ಹಾಕುವುದು ನಿಲ್ಲಲಿ ಅಂತ ಒಂದು ಫೋಟೋ ಇಟ್ಟರೆ ಶುರು. ಎರಡು ವರ್ಷಕ್ಕೆ ಶೀಟು, ಐದು ವರ್ಷಕ್ಕೆ ಗೋಪುರ.

ಕೆಎ 02:
ಗುಡಿ ಇದ್ದರೆ ನನಗೆ ಆಚೆ ರಸ್ತೆ ಕಾಣುತ್ತದೆ. ಗೋಪುರ ಸಣ್ಣದು, ಸುತ್ತ ಗ್ರಿಲ್. ಕಟ್ಟಡಕ್ಕಿಂತ ವಾಸಿ.

ಮೂರನೇ ಕ್ರಾಸ್:
ಇಷ್ಟೆಲ್ಲ ಓದಿದ ಮೇಲೆ ತಡೆಯಲಾಗಲಿಲ್ಲ. ಭಾನುವಾರ ಬೆಳಗ್ಗೆ ಟೇಪು ಜೇಬಿಗೆ ಹಾಕಿಕೊಂಡು ಆ ಕಟ್ಟಡದ ಹತ್ತಿರ ಹೋದೆ.

ಬಸ್ಸಿಂದ ಕಾಣದ್ದು ಒಂದಿತ್ತು. ಕಾಂಡಿಮೆಂಟ್ಸ್ ಮುಗಿದ ಮೇಲೆ ಮೂತಿಯಲ್ಲಿ ಇನ್ನೊಂದು ಬಾಗಿಲು. ಒಳಗೆ ಏನಿದೆ ಹೇಳಿ? ಇಸ್ತ್ರಿ ಅಂಗಡಿ! ದೇವರಾಣೆ ಕಟ್ಟುಕತೆ ಅಲ್ಲ. ಕೆಂಡದ ಪೆಟ್ಟಿಗೆ, ಗೋಡೆಗೆ ಒರಗಿಸಿದ ಇದ್ದಿಲ ಚೀಲ, ಮೇಲೆ ಮೊಳೆಗೆ ನೇತು ಹಾಕಿದ ಬಟ್ಟೆ ಗಂಟುಗಳು. ಅಂಗಡಿಯವರಿಗೆ ಅರವತ್ತು ದಾಟಿರಬೇಕು. ನ್ಯೂಯಾರ್ಕಿನ ಕತೆ ಹೇಳಿದೆ. "ಅಲ್ಲೂ ಕೆಂಡಾನೇ ಹಾಕ್ತಾರಾ?" ಅಂತ ಕೇಳಿದರು.

ಅಳೆಯಲು ಬಿಟ್ಟರು. ಒಳಗೆ ಮೂತಿಯ ಕಡೆ 3 ಅಡಿ 10 ಇಂಚು. ಅವರ ಹಿಂದಿನ ಗೋಡೆ ಹತ್ತಿರ 7 ಅಡಿ. ಮೇಜನ್ನು ಬಡಗಿ ಹತ್ತಿರ ಅದೇ ಆಕಾರಕ್ಕೆ ಮಾಡಿಸಿದ್ದಾರೆ, ಮುಂದೆ ಕಿರಿದು, ಹಿಂದೆ ಅಗಲ. ಅಂಗಿಗೆ ಕಿರಿದಾದ ಕಡೆ, ಪಂಚೆಗೆ ಅಗಲದ ಕಡೆ. ಸೀರೆ ಬಂದರೆ ಮಾತ್ರ ಕಷ್ಟ ಅಂದರು. ಮಡಿಸುವಾಗ ಇನ್ನೊಂದು ತುದಿ ಹಿಡಿಯಲು ಒಳಗೆ ಜಾಗ ಸಾಲದು. ಹಾಗಾಗಿ ಗಿರಾಕಿಯ ಕೈಗೇ ಸೆರಗು ಕೊಟ್ಟು ಬಾಗಿಲಾಚೆ ನಿಲ್ಲಿಸುತ್ತಾರೆ.

ನಾನು ಟೇಪು ಸುತ್ತುವಷ್ಟರಲ್ಲಿ ಒಬ್ಬರು ಕಾಟನ್ ಸೀರೆ ತಂದರು. ಅವರ ಕೈಯಲ್ಲಿ ಮಗು ಇತ್ತು. ಅಂಗಡಿಯವರು ನನ್ನ ಕಡೆ ನೋಡಿದರು. ಟೇಪು ಜೇಬಿಗೆ ಹಾಕಿ, ಸೆರಗು ಹಿಡಿದುಕೊಂಡು ಫುಟ್‌ಪಾತಿಗೆ ಇಳಿದೆ. "ಇನ್ನೂ ಸ್ವಲ್ಪ ಹಿಂದೆ ಹೋಗಿ ಸಾರ್, ಗಾಡಿ ನೋಡ್ಕೊಂಡು" ಅಂದರು. ಕೆಎ 02 ಅವರ ಮಡ್‌ಗಾರ್ಡ್ ನೆನಪಾಯಿತು. ಎರಡೂ ಕಡೆ ನೋಡುತ್ತಾ ನಿಂತೆ.